ಗರಸು, ಬಂಡೆ, ಎರೆ: ಸಂಡೂರು ಸೀಮೆಯಿಂದ ಗುಡ್ಡಗಾಡು ಸೈಕಲ್ ರೇಸಿಗೆ

ಯಶವಂತನಗರದಲ್ಲಿ ಮನೆ ಇದ್ದು, ಮನೆಯಲ್ಲೊಂದು ಗೇರ್ ಸೈಕಲ್ ಇದ್ದವರಿಗೆ ಬೆಂಗಳೂರಿನ ಸವಾರರಿಗೆ ದುಡ್ಡು ಕೊಟ್ಟರೂ ಸಿಗದ ಒಂದು ಅನುಕೂಲವಿದೆ. ಅರ್ಧ ದಿನದ ಸವಾರಿಯೊಳಗೆ ಮೂರು ಜಾತಿಯ ನೆಲ ಚಕ್ರದ ಕೆಳಗೆ ಬರುತ್ತದೆ. ಸಂಡೂರು ಬೆಟ್ಟಗಳ ಬುಡದಲ್ಲಿ ಕಬ್ಬಿಣದ ಅದಿರಿನ ಕೆಂಪು ನೆಲ, ಅದರ ಮೇಲೆ ಚೆಲ್ಲಾಡಿದ ಗರಸು. ಹೊಸಪೇಟೆ ದಾಟಿ ಕಮಲಾಪುರ, ಹಂಪಿ, ಆನೆಗೊಂದಿ ಕಡೆ ಹೋದರೆ ಗ್ರಾನೈಟ್ ಬಂಡೆ, ಬಂಡೆಗಳ ಸಂದಿನಲ್ಲಿ ಸಡಿಲ ಮರಳು. ಕಂಪ್ಲಿ ಸೀಮೆಗೆ ಇಳಿದರೆ ಎರೆ ಹೊಲ, ಭತ್ತದ ಗದ್ದೆ, ಕಾಲುವೆಯ ಏರಿ. ಮೌಂಟೇನ್ ಬೈಕಿನ ಕ್ರಾಸ್ ಕಂಟ್ರಿ ರೇಸ್ ಕೇಳುವುದು ಇಂಥ ನೆಲವನ್ನೇ.

ರೇಸಿನ ಸ್ವರೂಪ ಸರಳ. ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಬಂದವರು ಗೆಲ್ಲುತ್ತಾರೆ. ಒಲಿಂಪಿಕ್ ಮಾದರಿಯಲ್ಲಿ ಒಂದು ಲ್ಯಾಪ್ ಸುಮಾರು 4ರಿಂದ 6 ಕಿ.ಮೀ.; ಹಿರಿಯರ ವಿಭಾಗದಲ್ಲಿ ಅದೇ ದಾರಿಯನ್ನು ಸುತ್ತಿ ಸುತ್ತಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತಾರೆ. ಹವ್ಯಾಸಿಗಳಿಗೆ ಲ್ಯಾಪ್ ಕಡಿಮೆ. ಏರು, ಇಳುಕಲು, ಕಲ್ಲು, ಮರದ ಬೇರು, ಒಬ್ಬರೇ ಹೋಗುವಷ್ಟು ಅಗಲದ ಕಾಲುದಾರಿ ಎಲ್ಲವೂ ಒಂದು ಲ್ಯಾಪಿನೊಳಗೆ ಇರಬೇಕು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು, 1996ರ ಅಟ್ಲಾಂಟಾದಲ್ಲಿ ಈ ಆಟ ಒಲಿಂಪಿಕ್ಸ್ ಸೇರಿತು. ನಮ್ಮ ಕಡೆ 2021ರ ಫೆಬ್ರವರಿಯಲ್ಲಿ ಗದಗದಲ್ಲೇ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದಿದೆ. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಕೊಪ್ಪಳ ದಾಟಿ ಗದಗ. ಅಂದರೆ ಈ ಆಟ ದೂರದ ಹಿಮಾಲಯದ್ದೆಂದು ತಿಳಿಯಬೇಕಿಲ್ಲ.

ವಿಜಯಪುರ, ಬಾಗಲಕೋಟೆ, ಗದಗದ ಹುಡುಗ ಹುಡುಗಿಯರು ರಸ್ತೆ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದವರು. ಕಾಲಿನ ಬಲಕ್ಕೆ ಈ ನಾಡಿನಲ್ಲಿ ಬರವಿಲ್ಲ. ಆದರೆ ಗುಡ್ಡದ ರೇಸಿನಲ್ಲಿ ಕಾಲು ಗಳಿಸಿದ್ದನ್ನು ಕೈ ಕಳೆದುಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲ್ಯಾಪಿನಲ್ಲಿ 40 ತಿರುವು ಇದೆ ಎಂದಿಟ್ಟುಕೊಳ್ಳಿ. ಪ್ರತಿ ತಿರುವಿನಲ್ಲೂ ಹೆದರಿ ಬ್ರೇಕ್ ಹಿಡಿದು, ಮತ್ತೆ ವೇಗ ಹಿಡಿಯಲು 2 ಸೆಕೆಂಡು ಹೋಯಿತು ಅನ್ನಿ. ನಾಲ್ಕು ಲ್ಯಾಪಿಗೆ 320 ಸೆಕೆಂಡು, ಐದು ನಿಮಿಷಕ್ಕೂ ಹೆಚ್ಚು. ಆ ಐದು ನಿಮಿಷವನ್ನು ಏರಿನಲ್ಲಿ ತುಳಿದು ವಾಪಸ್ ತರಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ತಿರುವು ಕಲಿಯಲು ಶಾಲೆಯ ಮೈದಾನ ಮತ್ತು ಕೆಲವು ಸಂಜೆ ಸಾಕು. ಹಾಗಾಗಿ ಈ ಲೇಖನದಲ್ಲಿ ದಮ್ಮಿಗಿಂತ ಕೈಚಳಕದ ಮಾತೇ ಹೆಚ್ಚು.

ಮೊದಲು ಸೈಕಲ್ ವಿಷಯ, ಬೇಗ ಮುಗಿಸೋಣ. ಮುಂದೆ ಸಸ್ಪೆನ್ಷನ್ ಫೋರ್ಕ್, ಡಿಸ್ಕ್ ಬ್ರೇಕ್, 29 ಇಂಚಿನ ಚಕ್ರ ಇದ್ದರೆ ಸಾಕು. 27.5 ಅಥವಾ ಹಳೆಯ 26 ಇಂಚಾದರೂ ಕಲಿಕೆಗೆ ಅಡ್ಡಿಯಿಲ್ಲ. ಹಿಂದೆಯೂ ಸಸ್ಪೆನ್ಷನ್ ಇರುವ ಅಗ್ಗದ ಸೈಕಲ್ ಮಾತ್ರ ಬೇಡ. ತೂಕ ಹೆಚ್ಚು, ಏರಿನಲ್ಲಿ ತುಳಿದ ಶಕ್ತಿಯೆಲ್ಲ ಸ್ಪ್ರಿಂಗ್ ಕುಣಿಸುವುದಕ್ಕೇ ಹೋಗುತ್ತದೆ. ಗೇರಿನ ಬಗ್ಗೆ ಅಂಗಡಿಯವರು ಹೇಳುವುದೆಲ್ಲ ನಂಬಬೇಡಿ. ಹಲ್ಲಿನ ಚಕ್ರ ಮುಂದೆ ಒಂದೇ, ಹಿಂದೆ ಹನ್ನೆರಡು ಎನ್ನುವ ಹೊಸ ಏರ್ಪಾಡಿನಲ್ಲಿ 32 ಹಲ್ಲಿಗೆ 50 ಹಲ್ಲು, ಅನುಪಾತ 0.64. ಮುಂದೆ ಮೂರು ಚಕ್ರದ ಹಳೆಯ ಸೈಕಲ್ಲಿನಲ್ಲಿ 22 ಹಲ್ಲಿಗೆ 34 ಸಿಕ್ಕರೆ 0.65. ಏರಿನಲ್ಲಿ ಎರಡೂ ಒಂದೇ. ಹೊಸದರ ಲಾಭ ಬೇರೆ: ಗೇರ್ ಗಲಿಬಿಲಿ ಇಲ್ಲ, ಕುಲುಕಾಟದಲ್ಲಿ ಚೈನು ಕಳಚುವುದು ಕಡಿಮೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಟೈರಿಗೆ ಹಾಕಿ. ಗೇರ್‌ಸೆಟ್ಟು, ಕಾರ್ಬನ್ ಹ್ಯಾಂಡಲ್ಲು ಎಲ್ಲ ಆಮೇಲಿನ ಮಾತು.

ಟೈರಿನ ಮಾತು ಬಂದಾಗ ಮುಳ್ಳಿನ ಮಾತು ಬರಲೇಬೇಕು. ಹಸಿರು ಬೆಳೆಸಲೆಂದು ಹೊರದೇಶದಿಂದ ತಂದು ಬಿತ್ತಿದ ಪ್ರೊಸೊಪಿಸ್ ಗಿಡಕ್ಕೆ ಕನ್ನಡನಾಡಿನ ಉದ್ದಗಲಕ್ಕೂ ಬಳ್ಳಾರಿ ಜಾಲಿ ಎಂದೇ ಹೆಸರು. ನಮ್ಮ ಜಿಲ್ಲೆಗೆ ಸಿಕ್ಕ ಈ ಕೀರ್ತಿಯ ಬೆಲೆ ತೆರುವವರು ಸೈಕಲ್ಲಿನವರು. ಜಾಲಿ ಮುಳ್ಳು ಉದ್ದ, ಗಟ್ಟಿ. ಒಣಗಿದ ಟೊಂಗೆ ದಾರಿಗೆ ಬಿದ್ದಿದ್ದರೆ ಟೈರು, ಟ್ಯೂಬು ಎರಡನ್ನೂ ದಾಟಿ ಒಳಗೆ ನಿಲ್ಲುತ್ತದೆ. ಹೊಲದ ಬದುವಿನ ನೆಗ್ಗಿಲು ಮುಳ್ಳು ಇನ್ನೊಂದು ಬಗೆ. ಕಾಯಿ ಸಣ್ಣದು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಒಂದೇ ಸಲಕ್ಕೆ ಹತ್ತಾರು ಚುಚ್ಚಿಕೊಳ್ಳುತ್ತವೆ.

ಟ್ಯೂಬ್‌ಲೆಸ್ ಇದಕ್ಕೆ ಮದ್ದು. ರಿಮ್ಮಿನೊಳಗೆ ಗಾಳಿ ಸೋರದ ಟೇಪ್ ಸುತ್ತಿ, ಟ್ಯೂಬ್ ತೆಗೆದು, ಟೈರಿನೊಳಗೆ ಲೇಟೆಕ್ಸ್ ಸೀಲಂಟ್ ಸುರಿಯುತ್ತಾರೆ, ಒಂದು ಚಕ್ರಕ್ಕೆ ಸುಮಾರು 100 ಮಿ.ಲೀ. ಮುಳ್ಳು ಚುಚ್ಚಿದಲ್ಲಿ ಗಾಳಿ ಹೊರಗೆ ನುಗ್ಗುವಾಗ ಸೀಲಂಟೂ ಜೊತೆಗೆ ನುಗ್ಗಿ ತೂತಿನ ಬಾಯಲ್ಲೇ ಹೆಪ್ಪುಗಟ್ಟುತ್ತದೆ. ಮುಳ್ಳು ಕಂಡರೆ ಅಲ್ಲೇ ಕೀಳಿ, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ. ಬಿಳಿ ಹನಿ ಜಿನುಗಿ, ಬುಸ್ಸೆನ್ನುವ ಸದ್ದು ಸಣ್ಣಗಾಗಿ ನಿಲ್ಲುತ್ತದೆ, ಮತ್ತೆ ಹೊರಡಬಹುದು. ನಮ್ಮ ಬಿಸಿಲಿಗೆ ಸೀಲಂಟ್ ಎರಡು ಮೂರು ತಿಂಗಳಲ್ಲಿ ಒಣಗಿ ಸಿಪ್ಪೆಯಾಗುತ್ತದೆ. ತಂಪು ದೇಶದ ಡಬ್ಬಿಯ ಮೇಲೆ ಆರು ತಿಂಗಳು ಎಂದು ಬರೆದಿದ್ದರೆ ಅದು ನಮಗಲ್ಲ. ಟ್ಯೂಬ್ ಹಾಕಿಯೇ ಓಡಿಸುವವರು ಬಿಡಿ ಟ್ಯೂಬು, ಟೈರ್ ಲಿವರು, ಕೈಪಂಪು ಇಲ್ಲದೆ ಊರು ದಾಟಬಾರದು. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ ನೋಡಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ಇನ್ನೊಂದು: ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿರಲಿ.

ಇನ್ನು ಗಾಳಿ. "ಕಲ್ಲಿನಂಗೆ ಗಟ್ಟಿ ಹೊಡಿ ಅಣ್ಣ" ಎಂದು ಹೊಡೆಸಿಕೊಳ್ಳುವ ಅಭ್ಯಾಸ ಬಿಡಬೇಕು. ಗಟ್ಟಿ ಟೈರು ಗರಸಿನ ಮೇಲೆ ಪುಟಿಯುತ್ತದೆ, ಹಿಡಿತ ಬಿಡುತ್ತದೆ. 65 ಕೆ.ಜಿ. ತೂಗುವವರು 2.2 ಇಂಚಿನ ಟ್ಯೂಬ್‌ಲೆಸ್ ಟೈರಿಗೆ 20ರಿಂದ 24 ಪಿಎಸ್ಐ ಹಾಕಿ ಶುರು ಮಾಡಬಹುದು, ಹಿಂದಿನದಕ್ಕೆ ಒಂದೆರಡು ಹೆಚ್ಚು. ಟ್ಯೂಬ್ ಇದ್ದರೆ 30ರ ಸುತ್ತಮುತ್ತ. ಅದಕ್ಕಿಂತ ತೀರಾ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಸೈಕಲ್ ಮೇಲೆ ನಿಲ್ಲುವ ಭಂಗಿಯೇ ಎಲ್ಲ ಕೌಶಲದ ತಳಪಾಯ. ಇಳಿಜಾರು ಬಂದಾಗ ಸೀಟಿನಿಂದ ಎದ್ದು ಎರಡೂ ಪೆಡಲುಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ. ಒಂದು ಕೆಳಗಿದ್ದರೆ ಅದು ಕಲ್ಲಿಗೆ ತಗುಲಿ ನಿಮ್ಮನ್ನು ಎಸೆಯುತ್ತದೆ. ಮೊಣಕಾಲು, ಮೊಣಕೈ ಎರಡೂ ಬಾಗಿರಲಿ, ಮೊಣಕೈ ಹೊರಕ್ಕೆ ಚಾಚಿರಲಿ. ಮೈಭಾರ ಪಾದದ ಮೇಲೆ, ಹ್ಯಾಂಡಲ್ ಮೇಲೆ ಅಲ್ಲ. ಸರಿಯಾಗಿ ನಿಂತಿದ್ದೀರೋ ಇಲ್ಲವೋ ತಿಳಿಯಲು ಸುಲಭದ ಇಳುಕಲಿನಲ್ಲಿ ಬೆರಳುಗಳನ್ನು ಒಂದು ಕ್ಷಣ ಸಡಿಲಿಸಿ ನೋಡಿ. ಮೈ ಮುಂದಕ್ಕೆ ಕುಸಿದರೆ ಭಾರ ಕೈಮೇಲಿದೆ ಎಂದರ್ಥ. ಕಣ್ಣು ಚಕ್ರದ ಬುಡದಲ್ಲಿರುವ ಕಲ್ಲಿನ ಮೇಲಿದ್ದರೆ ಕೆಟ್ಟಿತು. ಆ ಕಲ್ಲಿನ ಬಗ್ಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಏಳೆಂಟು ಮೀಟರ್ ಮುಂದೆ, ವೇಗವಿದ್ದರೆ ಇನ್ನೂ ದೂರ ನೋಡಬೇಕು. ಗುಂಡಿಯನ್ನೇ ದಿಟ್ಟಿಸಿದವರು ಗುಂಡಿಗೇ ಹೋಗುತ್ತಾರೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂಬ ಭಯವನ್ನು ನಮಗೆಲ್ಲ ಚಿಕ್ಕಂದಿನಲ್ಲೇ ತುಂಬಿರುತ್ತಾರೆ. ನಿಜವೇನೆಂದರೆ, ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಿನ ಚಕ್ರಕ್ಕೆ ಜಾರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ನಿಲ್ಲಿಸಲಾರದು, ಲಾಕ್ ಆಗಿ ಜಾರುತ್ತದಷ್ಟೆ. ಸೈಕಲ್ಲನ್ನು ನಿಲ್ಲಿಸುವ ಬಲದಲ್ಲಿ ಬಹುಪಾಲು ಮುಂದಿನ ಬ್ರೇಕಿನದು. ಪಲ್ಟಿ ಆಗುವುದು ಅದನ್ನು ತಟ್ಟನೆ ಕಿವುಚಿದಾಗ ಮತ್ತು ಕೈ ನೆಟ್ಟಗಿಟ್ಟುಕೊಂಡು ಮೈ ಮುಂದೆ ಬಿಟ್ಟಾಗ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಪ್ರಯೋಗ ಮಾಡಿ. ಒಂದೇ ವೇಗದಲ್ಲಿ ಬಂದು ಗೆರೆಯಲ್ಲಿ ಮೊದಲು ಹಿಂದಿನ ಬ್ರೇಕ್ ಮಾತ್ರ, ಆಮೇಲೆ ಮುಂದಿನದು ಮಾತ್ರ ಮೆಲ್ಲಗೆ, ಕೊನೆಗೆ ಎರಡೂ. ನಿಂತ ಜಾಗಕ್ಕೆ ಒಂದೊಂದು ಕಲ್ಲು ಇಟ್ಟು ಅಂತರ ನೋಡಿದರೆ ಬೇರೆ ಪಾಠ ಬೇಡ. ಒಂದೇ ಬೆರಳು ಸಾಕು; ಹಿಮ್ಮಡಿ ಕೆಳಗೆ ಒತ್ತಿ, ಸೊಂಟ ತಗ್ಗಿಸಿ.

ಈ ಆಟದ ಆದಿಕಾಲದಲ್ಲಿ ಇಷ್ಟೂ ಅನುಕೂಲ ಇರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟದಿಂದ ಇಳಿಯುವ ಪಂದ್ಯ ಕಟ್ಟಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಹಬ್ ಹಿಡಿಯುವ ಬ್ರೇಕು ಅವು. ಒಂದೇ ಇಳಿತಕ್ಕೆ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸ ಗ್ರೀಸ್ ತುಂಬಬೇಕಿತ್ತು. ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರು ಬಂದದ್ದು ಅದರಿಂದಲೇ.

ಈಗ ಗರಸಿನ ತಿರುವು. ಗಟ್ಟಿ ನೆಲದ ಮೇಲೆ ಬಟಾಣಿಯಷ್ಟು ದಪ್ಪದ ಅದಿರಿನ ಹರಳು ಹರಡಿದ್ದರೆ, ಜೋಳದ ರಾಶಿಯ ಮೇಲೆ ನಡೆದ ಹಾಗೆ; ಕೆಳಗಿನ ನೆಲ ಗಟ್ಟಿ, ಮೇಲಿನದೆಲ್ಲ ಉರುಳು. ಬಲಕ್ಕೆ ತಿರುಗುವ ಒಂದು ತಿರುವನ್ನು ತೆಗೆದುಕೊಳ್ಳೋಣ. ತಿರುವಿಗೆ ಮುಂಚೆ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ ಬೇಕಾದಷ್ಟು ಬ್ರೇಕ್ ಹಿಡಿದು ಮುಗಿಸಿ. ತಿರುವಿನೊಳಗೆ ಹೋದಮೇಲೆ ಬ್ರೇಕ್ ಬಿಟ್ಟುಬಿಡಿ. ಟೈರಿಗೆ ಇರುವ ಹಿಡಿತ ಒಂದು ಮಿತಿಯದು. ಅದನ್ನು ನಿಲ್ಲಲೂ ತಿರುಗಲೂ ಒಟ್ಟಿಗೆ ಖರ್ಚು ಮಾಡಿದರೆ ಎರಡೂ ಕೈಕೊಡುತ್ತವೆ. ಹೊರಗಿನ, ಅಂದರೆ ಎಡಗಾಲಿನ ಪೆಡಲನ್ನು ಕೆಳಗೆ ಇಳಿಸಿ ಅದರ ಮೇಲೆ ನಿಂತೇಬಿಡಿ. ಬಲಗೈಯಿಂದ ಹ್ಯಾಂಡಲ್ ಒತ್ತಿ ಸೈಕಲ್ಲನ್ನು ಮಾತ್ರ ಬಲಕ್ಕೆ ವಾಲಿಸಿ. ನಿಮ್ಮ ಮೈ ಅದರಷ್ಟು ವಾಲಬಾರದು. ಹಾಗೆ ಮಾಡಿದಾಗ ಟೈರಿನ ಅಂಚಿನ ಗುಬುಟುಗಳು ಗರಸಿನೊಳಗೆ ಇಳಿದು ಗಟ್ಟಿ ನೆಲ ಹುಡುಕಿಕೊಳ್ಳುತ್ತವೆ. ಮುಂದಿನ ಚಕ್ರ ಒಂದೆರಡು ಇಂಚು ಹೊರಕ್ಕೆ ಸರಿದ ಹಾಗೆ ಕೈಗೆ ಗೊತ್ತಾಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಆ ಸರಿತಕ್ಕೆ ಗಾಬರಿಯಾಗಿ ಬ್ರೇಕ್ ಹಿಡಿದವರು ಅಲ್ಲೇ ಅಂಗಾತ. ಕಣ್ಣು, ಗದ್ದ, ಹೊಕ್ಕುಳು ಮೂರೂ ತಿರುವಿನ ಕೊನೆಯ ಕಡೆ ತಿರುಗಿರಲಿ. ಮೈದಾನದಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಎಂಟರ ಆಕಾರದಲ್ಲಿ ಸುತ್ತುವುದು ಇದಕ್ಕೆ ಒಳ್ಳೆಯ ಅಭ್ಯಾಸ. ಎಡಕ್ಕೆ ಚೆನ್ನಾಗಿ ತಿರುಗುವವರು ಬಲಕ್ಕೆ ತಡವರಿಸುವುದು ಸಾಮಾನ್ಯ. ಯಾವ ಕಡೆ ಸೋಲುತ್ತೀರೋ ಆ ಕಡೆ ಎರಡು ಪಾಲು ಸುತ್ತಿ.

ಏರಿನಲ್ಲಿ ಎರಡು ಕಷ್ಟ, ಒಂದಕ್ಕೊಂದು ವಿರುದ್ಧ. ಹಿಂದೆ ಕೂತರೆ ಮುಂದಿನ ಚಕ್ರ ಎದ್ದು ಅಡ್ಡಾದಿಡ್ಡಿ ತೂಗುತ್ತದೆ. ಎದ್ದು ನಿಂತು ಮುಂದೆ ಬಾಗಿದರೆ ಹಿಂದಿನ ಚಕ್ರ ಗರಸಿನಲ್ಲಿ ಬರಿದೇ ತಿರುಗುತ್ತದೆ. ನಡುವೆ ಒಂದು ಜಾಗವಿದೆ. ಸೀಟಿನ ಮೂತಿಯ ಮೇಲೆ ಕೂತು, ಎದೆ ತಗ್ಗಿಸಿ, ಮೊಣಕೈ ಕೆಳಕ್ಕೆ ಇಳಿಬಿಟ್ಟು, ಪೆಡಲನ್ನು ಕುಟ್ಟದೆ ದುಂಡಗೆ ತುಳಿಯುವುದು. ಗೇರ್ ಬದಲಿಸುವುದು ಏರು ಶುರುವಾಗುವ ಮೊದಲೇ. ಅರ್ಧ ಏರಿದ ಮೇಲೆ ಚೈನು ಬಿಗಿದಿರುವಾಗ ಬದಲಿಸಿದರೆ ಕಟಕಟ ಸದ್ದಿನ ಜೊತೆ ಚೈನೂ ತುಂಡಾಗಬಹುದು. ರೇಸಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಓಡಲು ಅಡ್ಡಿಯಿಲ್ಲ. ಕಡಿದಾದ ನಾಲ್ಕು ಮಾರು ಜಾಗದಲ್ಲಿ ಒದ್ದಾಡುವುದಕ್ಕಿಂತ ಓಡುವುದೇ ಎಷ್ಟೋ ಸಲ ಬೇಗ. ದಮ್ಮಿನ ತಯಾರಿಗೆ ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನದ ಬೆಟ್ಟಕ್ಕೆ ಹತ್ತುವ ರಸ್ತೆ ಇದೆಯಲ್ಲ. ವಾರಕ್ಕೊಮ್ಮೆ ನಾಲ್ಕೈದು ನಿಮಿಷ ಏದುಸಿರು ಬರುವಷ್ಟು ತುಳಿದು, ಅಷ್ಟೇ ಹೊತ್ತು ಸುಧಾರಿಸಿಕೊಂಡು, ನಾಲ್ಕು ಸಲ ಮಾಡಿದರೆ ಸಾಕು. ಇನ್ನೊಂದು ದಿನ ಹೊಸಪೇಟೆ, ಕಂಪ್ಲಿ ಕಡೆಯ ಕಾಲುವೆ ಏರಿಯ ಮೇಲೆ ಮಾತಾಡಿಕೊಂಡು ಹೋಗುವ ವೇಗದಲ್ಲಿ ಎರಡು ಮೂರು ಗಂಟೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ನೀರು ಹರಿಸುತ್ತಿವೆ. ಸೈಕಲ್ಲಿನವರಿಗೆ ಏರುತಗ್ಗಿಲ್ಲದ ದಾರಿಯೂ ಸಿಕ್ಕಂತಾಯಿತು.

ಎರೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಣಗಿದ್ದರೆ ಸಿಮೆಂಟಿನಂಥ ನೆಲ. ಮಳೆ ಬಿದ್ದ ಮೇಲೆ ಹೋದರೆ ಮಣ್ಣು ಟೈರಿಗೆ ಮೆತ್ತಿ, ಫೋರ್ಕಿನಲ್ಲಿ ತುಂಬಿ, ಚಕ್ರ ತಿರುಗುವುದೇ ನಿಂತು, ಸೈಕಲ್ಲು ನಿಮ್ಮನ್ನು ಹೊರುವ ಬದಲು ನೀವೇ ಅದನ್ನು ಹೊರಬೇಕು. ಒಂದು ದಿನ ಬಿಟ್ಟು ಹೋಗಿ.

ಬಂಡೆ ಇದಕ್ಕೆ ತದ್ವಿರುದ್ಧ. ಒಣ ಗ್ರಾನೈಟಿನ ಮೇಲೆ ಟೈರಿನ ಹಿಡಿತ ಡಾಂಬರಿಗಿಂತ ಕಡಿಮೆಯೇನಲ್ಲ. ಹಂಪಿ ಸುತ್ತಿನ ಹಾಸುಬಂಡೆಯಿಂದ ಇಳಿಯುವಾಗ ಹೊಸಬರು ಮಾಡುವ ತಪ್ಪೆಂದರೆ ಬಂಡೆಯ ಮೇಲೆ ಧೈರ್ಯವಾಗಿ ಬಿಟ್ಟುಕೊಂಡು ಬಂದು, ಬುಡದಲ್ಲಿ ಮರಳು ಕಂಡಾಗ ಬ್ರೇಕ್ ಹಿಡಿಯುವುದು. ಮುಂದಿನ ಚಕ್ರ ಮರಳಿನಲ್ಲಿ ಹೂತು ನಿಲ್ಲುತ್ತದೆ, ಸವಾರ ಮುಂದುವರಿಯುತ್ತಾನೆ. ಬ್ರೇಕ್ ಹಿಡಿಯುವುದಿದ್ದರೆ ಹಿಡಿತವಿರುವ ಬಂಡೆಯ ಮೇಲೇ ಹಿಡಿದು, ಮರಳು ಮುಟ್ಟುವ ಮೊದಲು ಬಿಡಬೇಕು. ಮರಳಿನಲ್ಲಿ ಸೊಂಟ ತುಸು ಹಿಂದಕ್ಕೆ, ಹ್ಯಾಂಡಲ್ ಹಗುರ, ಪೆಡಲು ನಿಲ್ಲಿಸಬಾರದು, ಗಕ್ಕನೆ ತಿರುಗಿಸಬಾರದು. ಇಳಿಯುವ ಮುನ್ನ ಒಮ್ಮೆ ನಡೆದು ನೋಡಿ. ಬುಡದಲ್ಲಿ ಕೋನ ತೀರಾ ಚೂಪಾಗಿದ್ದರೆ ಮುಂದಿನ ಹಲ್ಲಿನ ಚಕ್ರವೇ ಕಲ್ಲಿಗೆ ಬಡಿಯುತ್ತದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಮಂಟಪದ ಜಗಲಿ, ಮೆಟ್ಟಿಲು, ಹಳೆಯ ಹಾಸುಗಲ್ಲು ಯಾವುದರ ಮೇಲೂ ಚಕ್ರ ಹತ್ತಿಸುವಂತಿಲ್ಲ. ಬಯಲ ಬಂಡೆಯಾದರೂ ಶಾಸನವೋ ಕೆತ್ತನೆಯೋ ಇದೆಯೇ ಎಂದು ಮೊದಲು ನೋಡಬೇಕು. ಅಂಥವು ಅಲ್ಲಿ ಬೇಕಾದಷ್ಟಿವೆ. ವಿಡಿಯೊಗಾಗಿ ಸ್ಮಾರಕದ ಮೇಲೆ ಸೈಕಲ್ ಕುಣಿಸುವವರ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ.

ಎಲ್ಲಿ ಓಡಿಸಬಾರದು ಎಂಬುದು ಇಲ್ಲಿ ಇನ್ನಷ್ಟಿದೆ. ಗಣಿ ಗುತ್ತಿಗೆಯ ಜಾಗಕ್ಕೆ ಪ್ರವೇಶವಿಲ್ಲ, ಅರಣ್ಯಕ್ಕೆ ಇಲಾಖೆಯ ಅನುಮತಿ ಬೇಕು. ಅದಿರು ಲಾರಿಗಳ ರಸ್ತೆಯಲ್ಲಿ ಧೂಳಿನ ಮರೆಯಲ್ಲಿ ನೀವು ಚಾಲಕನಿಗೆ ಕಾಣುವುದೇ ಇಲ್ಲ, ಆ ದಾರಿ ಬಿಟ್ಟು ಹೊಲದ ಬಂಡಿದಾರಿ ಹಿಡಿಯಿರಿ. ದರೋಜಿ ಕರಡಿಧಾಮ ಕಮಲಾಪುರಕ್ಕೆ ಹತ್ತಿರದಲ್ಲೇ ಇದೆ, ಕರಡಿಗಳಿಗೆ ಅದರ ಗಡಿ ಗೊತ್ತಿಲ್ಲ. ಮುಂಜಾವಿನ ನಸುಕು, ಮುಸ್ಸಂಜೆ ಎರಡೂ ಅವುಗಳ ಹೊತ್ತು. ಕುರುಚಲು ಗುಡ್ಡಕ್ಕೆ ಸೂರ್ಯ ಮೇಲೆ ಬಂದ ನಂತರವೇ ಹೋಗಿ. ಎದುರಿಗೆ ಕುರಿ ಹಿಂಡು ಬಂದರೆ ಇಳಿದು ನಿಂತುಬಿಡಿ. "ಅಣ್ಣಾ, ಈ ದಾರಿ ಮುಂದಕ್ಕೆ ಹೋಗ್ತದೇನು?" ಎಂದು ಕುರಿಗಾಹಿಯನ್ನು ಕೇಳಿದರೆ ಯಾವ ಮ್ಯಾಪಿನಲ್ಲೂ ಇಲ್ಲದ ಕಾಲುದಾರಿಯ ಸುಳಿವು ಸಿಗುತ್ತದೆ.

ರೇಸಿನ ಹಿಂದಿನ ದಿನ ಕೋರ್ಸ್ ನೋಡಲು ಬಿಡುತ್ತಾರೆ. ಮೊದಲ ಸುತ್ತು ನಿಧಾನವಾಗಿ ಓಡಿಸಿ, ಕಷ್ಟದ ಜಾಗಗಳಲ್ಲಿ ಇಳಿದು ಕೆಳಗಿನಿಂದ ಮೇಲಕ್ಕೆ ನಡೆದು ನೋಡಿ. ಮೇಲಿನಿಂದ ಕಾಣದ ದಾರಿ ಕೆಳಗಿನಿಂದ ಕಾಣುತ್ತದೆ. ಕೆಳಮುಖದ ಬಾಣದ ಗುರುತು ಒಂದಿದ್ದರೆ ಎಚ್ಚರ, ಎರಡಿದ್ದರೆ ಅಪಾಯ ಹೆಚ್ಚು, ಮೂರಿದ್ದರೆ ತೀರಾ ಹೆಚ್ಚು. ಹಲವು ಕಡೆ ಕಷ್ಟದ ಇಳುಕಲಿನ ಪಕ್ಕದಲ್ಲೇ ಸುಲಭದ, ಸ್ವಲ್ಪ ಸುತ್ತಿನ ದಾರಿಯೂ ಇರುತ್ತದೆ. ಅದರಲ್ಲಿ ಹೋಗುವುದು ಅವಮಾನವಲ್ಲ, ಬಿದ್ದರೆ ಹೋಗುವ ಸಮಯ ಇನ್ನೂ ಹೆಚ್ಚು. ಶುರುವಿನಲ್ಲಿ ಎಲ್ಲರೂ ನುಗ್ಗುವುದು ಮೊದಲ ಕಾಲುದಾರಿಗೆ. ಅಲ್ಲಿ ಹಿಂದೆ ಬಿದ್ದರೆ ಮುಂದಿನವರು ಇಳಿದಾಗಲೆಲ್ಲ ನೀವೂ ಇಳಿಯಬೇಕು. ಹಾಗಾಗಿ ಮೊದಲೆರಡು ನಿಮಿಷದ ಜೋರು ಓಟವನ್ನು ಮೈ ಬಿಸಿ ಮಾಡಿಕೊಂಡೇ ಓಡಬೇಕು, ತಣ್ಣಗಿನ ಕಾಲಿನಲ್ಲಿ ಅಲ್ಲ. ಆಮೇಲೆ ಉಸಿರು ಹಿಡಿತಕ್ಕೆ ಬರುವವರೆಗೆ ಇಳಿಸಿಕೊಳ್ಳಿ. ಹಿಂದಿನಿಂದ ಯಾರಾದರೂ "ಬಲಕ್ಕೆ!" ಎಂದು ಕೂಗಿದರೆ ಅವರು ಬಲಗಡೆಯಿಂದ ದಾಟುತ್ತಿದ್ದಾರೆ, ನಿಮ್ಮ ಗೆರೆ ಬದಲಿಸಬೇಡಿ. ದಾರಿ ತಪ್ಪಿ ಟೇಪಿನಾಚೆ ಹೋದರೆ ಹೋದಲ್ಲಿಂದಲೇ ಒಳಗೆ ಬರಬೇಕು. ನೀರು, ರಿಪೇರಿ ನೆರವು ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ಅಂತರರಾಷ್ಟ್ರೀಯ ನಿಯಮದಲ್ಲಿ ಮುಂದಾಳುವಿನ ಮೊದಲ ಲ್ಯಾಪಿಗಿಂತ ಶೇ. 80ರಷ್ಟು ನಿಧಾನವಾದವರನ್ನು ಹೊರಗೆ ಕರೆಯುತ್ತಾರೆ, ಸ್ಥಾನ ಮಾತ್ರ ಲೆಕ್ಕಕ್ಕಿರುತ್ತದೆ. ಒಂದು ಗಂಟೆ ದಾಟುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಹೊಟ್ಟೆಗೆ ಬೇಕು, ಒಂದೆರಡು ಬಾಳೆಹಣ್ಣಿನಷ್ಟು. ಶೇಂಗಾ ಚಿಕ್ಕಿ ರೇಸಿನ ನಡುವೆ ಗಂಟಲಲ್ಲಿ ನಿಲ್ಲುತ್ತದೆ, ಅದನ್ನು ಮುಗಿದ ಮೇಲೆ ತಿನ್ನಿ.

ಮನೆಗೆ ಬಂದ ಮೇಲೆ ಚೈನಿನ ಕೆಲಸ ಬಾಕಿ. ಸಂಡೂರಿನ ಕೆಂಪು ಧೂಳಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಒಡವೆ, ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿಯೂ ಅದೇ. ಎಣ್ಣೆಯ ಜೊತೆ ಸೇರಿದರೆ ಚೈನಿನ ಪಿನ್ನುಗಳನ್ನು ಹಗಲಿರುಳು ಉಜ್ಜುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಬ್ರಶ್ ಅದ್ದಿ ತಿಕ್ಕಿ, ಡಿಸ್ಕಿಗೆ ಒಂದು ಹನಿಯೂ ತಗುಲದಂತೆ ನೋಡಿಕೊಳ್ಳಿ, ಒರೆಸಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಹೊರಗಿನದನ್ನು ಪೂರ್ತಿ ಒರೆಸಿಬಿಡಿ. ತಿಂಗಳಿಗೊಮ್ಮೆ ಉಕ್ಕಿನ ಸ್ಕೇಲ್ ಇಟ್ಟು ಅಳೆಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಅದರ ಮುಂದಿನ 24ನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಹನ್ನೆರಡು ಗೇರಿನ ಚೈನಿನಲ್ಲಿ ಅದು 306.3 ಮುಟ್ಟಿದರೆ, ಹಳೆಯ ದಪ್ಪ ಚೈನಿನಲ್ಲಿ 307 ಮುಟ್ಟಿದರೆ ಚೈನು ಬದಲಿಸಿ. ತಡ ಮಾಡಿದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದು, ಖರ್ಚು ಮೂರು ನಾಲ್ಕು ಪಟ್ಟಾಗುತ್ತದೆ.